ರಾಯಚೂರಿನ ಹಲಗೆ ಜರ್ಮನಿಗೆ ಹೊರಟಿತು

ರಾಯಚೂರು ಅಂದ ಕೂಡಲೇ ನಿಮಗೆ ಮೊದಲು ನೆನಪಾಗುವುದು ಬಿಸಿಲು ತಾನೆ? ನನ್ನ ತವರಿನ ಕಡೆಯ ನೆಂಟರೆಲ್ಲ ಫೋನ್ ಮಾಡಿದಾಗ ಮೊದಲು ಕೇಳುವುದೂ "ಅಲ್ಲಿ ಹೇಗೆ ಇದ್ದೀಯೇ ಮಾರಾಯ್ತಿ?" ಅಂತಲೇ. ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಬಿಸಿಲು ಸುಳ್ಳಲ್ಲ. ಆದರೆ ಕೃಷ್ಣಾ, ತುಂಗಭದ್ರಾ ಎರಡೂ ನದಿಗಳ ನಡುವಿನ ಈ ನೆಲದಲ್ಲಿ ಬಿಸಿಲಿನ ಹೊರತಾಗಿ ನೋಡುವುದು, ಕೇಳುವುದು, ತಿನ್ನುವುದು ಬೇಕಾದಷ್ಟಿದೆ. ಈ ಸಲ ನಿಮಗೆ ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಊರು ತೋರಿಸುತ್ತೇನೆ, ಬನ್ನಿ. ನಮಗೆ ದಾರಿ ತೋರಿಸುವವರು ಹದಿನಾಲ್ಕು ಜನ ಹುಡುಗ ಹುಡುಗಿಯರು.

ಇವರು ಯಾರು ಅಂತೀರಾ? ನಮ್ಮ ಪಕ್ಕದ ಮನೆಯವರು ಕ್ರೈಸ್ತರು. ಅವರ ಮಗಳು ಚರ್ಚಿನ ಯುವಕರ ನೃತ್ಯ ತಂಡದಲ್ಲಿದ್ದಾಳೆ. ಜರ್ಮನಿಯ ಕೆಲವು ಸಭೆಗಳವರು ಈ ತಂಡವನ್ನು ಮೂರು ವಾರದ ಮಟ್ಟಿಗೆ ಕರೆಸಿಕೊಳ್ಳುತ್ತಿದ್ದಾರೆ. ಮೂರು ಊರಿನ ಮಕ್ಕಳು ಸೇರಬೇಕಾದ್ದರಿಂದ ಒಂದೊಂದು ಭಾನುವಾರ ಒಂದೊಂದು ಊರಿನಲ್ಲಿ ಅಭ್ಯಾಸ. ಹೆಣ್ಣುಮಕ್ಕಳ ಜೊತೆ ದೊಡ್ಡವರೊಬ್ಬರು ಇರಲಿ ಎಂದು ಪಕ್ಕದ ಮನೆಯಾಕೆ ಕೇಳಿದರು. ಮಾನ್ವಿಗೆ ಹೋದರೆ ಜಗನ್ನಾಥದಾಸರ ದರ್ಶನವೂ ಆದೀತು ಎಂದು ನಾನು ಹೂಂ ಅಂದೆ.

ಕೋಟೆಯ ಊರಿನಲ್ಲಿ

ಮೊದಲ ಭಾನುವಾರ ರಾಯಚೂರಿನಲ್ಲೇ. ಪ್ರಾರ್ಥನೆ ಮುಗಿಯುವವರೆಗೆ ಸಮಯವಿತ್ತು. ಕೋಟೆ ಕಡೆ ಹೋಗಿಬಂದೆ. ನೀವು ಬಂದರೆ ಕೋಟೆಗೋಡೆಯಲ್ಲಿರುವ ಆ ಉದ್ದನೆಯ ಕಲ್ಲನ್ನು ಮರೆಯದೆ ನೋಡಿ. ಸುಮಾರು 41 ಅಡಿ ಉದ್ದದ ಒಂದೇ ಕಲ್ಲು. ಕಾಕತೀಯರ ಕಾಲದಲ್ಲಿ, 1294ರಲ್ಲಿ ಕೋಟೆ ಕಟ್ಟಿದ ಸಂಗತಿಯನ್ನು ಅದರ ಮೇಲೆ ಕೆತ್ತಿದ್ದಾರೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವೂ ಅಲ್ಲೇ ಇದೆ. ಈ ಕೋಟೆಗಾಗಿಯೇ 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನಿಗೂ ದೊಡ್ಡ ಯುದ್ಧವಾಯಿತು. ಆ ಮುತ್ತಿಗೆಯಲ್ಲಿ ಬಂದೂಕು ಹಿಡಿದ ಪೋರ್ಚುಗೀಸರೂ ರಾಯನ ಕಡೆ ಇದ್ದರು. ಹೊರದೇಶದವರು ನಮ್ಮೂರಿಗೆ ಹೊಸಬರಲ್ಲ ನೋಡಿ.

ಕ್ರೈಸ್ತರೂ ಹೊಸಬರಲ್ಲ. ಇದೇ ಜಿಲ್ಲೆಯ ಮುದಗಲ್ಲಿನಲ್ಲಿ 1557ಕ್ಕಿಂತ ಮೊದಲೇ ಗೋವೆಯಿಂದ ಬಂದ ಪಾದ್ರಿಗಳು ಇಗರ್ಜಿ ಕಟ್ಟಿಸಿದ್ದರೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅಂದರೆ ನಾಲ್ಕೂವರೆ ಶತಮಾನ ದಾಟಿತು. ರಾಯಚೂರು ನಗರದಲ್ಲಿ ಮೆಥೋಡಿಸ್ಟರ ಚರ್ಚೂ ಉಂಟು, ಕ್ಯಾಥೊಲಿಕರದೂ ಉಂಟು. ಕ್ಯಾಥೊಲಿಕರು ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದವರು.

"ಚರ್ಚಿನಲ್ಲಿ ಕುಣಿತವೇ?" ಎಂದು ನನಗೂ ಆಶ್ಚರ್ಯವಾಗಿತ್ತು. ತಂಡಕ್ಕೆ ಕಲಿಸುವ ಮೇಷ್ಟ್ರು ತಿಳಿಸಿ ಹೇಳಿದರು. 1962ರಿಂದ 65ರವರೆಗೆ ರೋಮಿನಲ್ಲಿ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ಮೇಲೆ ಆಯಾ ನಾಡಿನ ಭಾಷೆ, ಸಂಗೀತ, ಕಲೆಗಳಿಗೆ ಕ್ಯಾಥೊಲಿಕರ ಆರಾಧನೆಯಲ್ಲಿ ಜಾಗ ಸಿಕ್ಕಿತಂತೆ. ನಮ್ಮ ಮಂಗಳೂರು ಕಡೆಯ ಫ್ರಾನ್ಸಿಸ್ ಬಾರ್ಬೋಜಾ ಪಾದ್ರಿಯಾಗಿದ್ದುಕೊಂಡೇ ಭರತನಾಟ್ಯ ಕಲಿತು, ಕ್ರಿಸ್ತನ ಕಥೆಗೆ ಬೇಕಾದ ಹೊಸ ಹಸ್ತಮುದ್ರೆಗಳನ್ನೇ ರೂಪಿಸಿ, 1990ರಲ್ಲಿ ಆ ಬಗ್ಗೆ ಪುಸ್ತಕವನ್ನೂ ಬರೆದರು.

ನಮ್ಮ ಮಕ್ಕಳದು ಭರತನಾಟ್ಯವಲ್ಲ. ಕೋಲಾಟ, ಹೆಜ್ಜೆ ಕುಣಿತ, ಹಲಗೆ. ಅಲಾಯಿ ಹಬ್ಬದಲ್ಲಿ ಜಾತಿ ಮತ ನೋಡದೆ ಊರಿಗೆ ಊರೇ ಗುಂಡಿಯ ಸುತ್ತ ಹೆಜ್ಜೆ ಹಾಕುವ ಸೀಮೆ ಇದು. ಈ ಹುಡುಗರ ಕಾಲಿಗೆ ತಾಳ ಕಲಿಸಬೇಕಾಗಿಲ್ಲ.

ಅವರು ಆಡುವ ಕಥೆ ಬೈಬಲ್ಲಿನ ತಪ್ಪಿಹೋದ ಮಗನದು. ಅಪ್ಪನ ಆಸ್ತಿಯಲ್ಲಿ ತನ್ನ ಪಾಲು ತೆಗೆದುಕೊಂಡು ದೂರ ದೇಶಕ್ಕೆ ಹೋಗಿ, ಎಲ್ಲ ಕಳೆದುಕೊಂಡು, ಹಂದಿ ಮೇಯಿಸುವ ಸ್ಥಿತಿಗೆ ಬಂದು, ಕಡೆಗೆ ಮನೆಗೆ ಮರಳುತ್ತಾನೆ. ಅಪ್ಪ ಬೈಯದೆ ಓಡಿಹೋಗಿ ತಬ್ಬಿಕೊಂಡು ಊರಿಗೆಲ್ಲ ಊಟ ಹಾಕಿಸುತ್ತಾನೆ. ಮೇಷ್ಟ್ರು ಇದನ್ನು ನಮ್ಮ ಸೀಮೆಗೆ ಒಗ್ಗಿಸಿದ್ದಾರೆ. ಮಗ ಹೋಗುವುದು ಗುಳೆಗೆ! ತಲೆಯ ಮೇಲೆ ಗಂಟು, ಕಂಕುಳಲ್ಲಿ ಬುತ್ತಿ, ಬೆಂಗಳೂರಿನ ಕಟ್ಟಡದ ಕೆಲಸ. ಮಳೆ ಕೈಕೊಟ್ಟಾಗ ಇಲ್ಲಿಂದ ಬೆಂಗಳೂರು, ಹೈದರಾಬಾದು, ಪುಣೆಗೆ ಗುಳೆ ಹೋಗುವವರನ್ನು ನೋಡಿದವರಿಗೆ ಈ ಕಥೆ ಎರಡು ಸಾವಿರ ವರ್ಷ ಹಳೆಯದು ಅನಿಸುವುದೇ ಇಲ್ಲ.

ದೇವದುರ್ಗದಲ್ಲಿ ತಡೆ

ಎರಡನೇ ಭಾನುವಾರ ದೇವದುರ್ಗ. ರಾಯಚೂರಿನಿಂದ ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ನಡುವೆ ಗಬ್ಬೂರು ಸಿಗುತ್ತದೆ. ಹಳೆಯ ಗುಡಿಗಳು, ಶಾಸನಗಳು ಇರುವ ಊರು. ಪುರಸೊತ್ತಿದ್ದರೆ ಇಳಿದು ನೋಡಿ. ಚಳಿಗಾಲ ಮುಗಿಯುತ್ತಿದ್ದ ಹೊತ್ತು ಅದು. ಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸರು, ಕಣದಲ್ಲಿ ಕೆಂಪಗೆ ಹರಡಿದ ಮೆಣಸಿನಕಾಯಿ. ನಾರಾಯಣಪುರ ಅಣೆಕಟ್ಟಿನ ಬಲದಂಡೆ ಕಾಲುವೆ ನೀರು ಮುಟ್ಟಿದ ಕಡೆ ಭತ್ತದ ಹಸಿರು.

ಅಲ್ಲಿಗೆ ಹೋದಾಗ ಒಂದು ತೊಡಕು ಎದುರಾಯಿತು. ತಂಡದ ಒಬ್ಬ ಹುಡುಗಿಗೆ ಹದಿನೇಳು ವರ್ಷ. ಹದಿನೆಂಟು ತುಂಬದವರ ಪಾಸ್‌ಪೋರ್ಟಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು. ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿದ್ದ. ಬಂದು ಸಹಿ ಹಾಕುತ್ತೇನೆ ಅಂದಿದ್ದ. ಒಪ್ಪದಿದ್ದವಳು ತಾಯಿ. ಮೇಷ್ಟ್ರು ನನ್ನನ್ನು ಮುಂದೆ ಮಾಡಿ ಅವರ ಮನೆಗೆ ಕರೆದೊಯ್ದರು.

ವಿಮಾನದ ಹೆದರಿಕೆ ಇರಬೇಕು ಅಂದುಕೊಂಡು ಧೈರ್ಯ ಹೇಳಲು ಹೊರಟೆ. ಆಕೆ ಚಹಾ ಕೊಟ್ಟು, ಎದುರಿಗೆ ಕುಳಿತು, ನೇರವಾಗಿ ಹೇಳಿಬಿಟ್ಟಳು: "ವಿಮಾನಕ್ಕ ನಾ ಅಂಜಂಗಿಲ್ರಿ ಅಕ್ಕಾರ. ನಮ್ಮ ಮಾವ ಸತ್ತೋರ ಮನಿ ಮುಂದ ಹಲಗಿ ಬಡೀತಿದ್ದ. ಬಡದ ಮ್ಯಾಲ ದೂರ ನಿಂದ್ರಿಸಿ ಕೂಳು ನೀಡ್ತಿದ್ರು. ಅದು ಬ್ಯಾಡಂತಂದ ನಮ್ಮ ಮನಿಯಾಗ ಹಲಗಿ ಇಳಿಸಿ ಮಕ್ಕಳನ್ನ ಸಾಲಿಗಿ ಕಳಿಸೀವಿ. ಈಗ ಅದನ್ನ ಬಡ್ಯಾಕ ನನ್ನ ಮಗಳು ವಿಮಾನ ಹತ್ತಬೇಕೇನ್ರಿ?"

ಏನು ಉತ್ತರ ಕೊಡುತ್ತೀರಿ ಹೇಳಿ? ಹಲಗೆ ಬಾರಿಸುವುದು ಈ ಕಡೆ ಮಾದಿಗ ಸಮುದಾಯದ ಮೇಲೆ ಹೊರಿಸಿದ್ದ ಬಿಟ್ಟಿ ಕೆಲಸ. ಇಲ್ಲಿಯ ಎಷ್ಟೋ ಕ್ರೈಸ್ತ ಮನೆತನಗಳ ಹಿರಿಯರು ಅದೇ ಕೇರಿಯವರು. ನಮಗೆ ನಿಮಗೆ ಅದು ಜಾನಪದ ಕಲೆ. ಆಕೆಗೆ ಅದು ದೂರ ನಿಂತು ತಿಂದ ಕೂಳು. ನಾನು ಸುಮ್ಮನಾದೆ.

ಮೇಷ್ಟ್ರೂ ಹಟ ಹಿಡಿಯಲಿಲ್ಲ. "ಮಾನ್ವಿಗೆ ಒಮ್ಮೆ ಬಂದು ನೋಡು ತಾಯಿ. ನೋಡಿದ ಮ್ಯಾಲೂ ಬ್ಯಾಡ ಅಂದ್ರ ಬ್ಯಾಡ. ಹಲಗಿ ಬಿಟ್ಟ ಆಡ್ತೀವಿ" ಅಂದರು. ಬರುವಾಗ ಬಸ್ಸಿನಲ್ಲಿ ಅವರು ಮಾತೇ ಆಡಲಿಲ್ಲ. ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಾ ಹೊಡೆದುಹಾಕುತ್ತಾ ಇದ್ದರು.

ದಾಸರ ಮಾನ್ವಿಯಲ್ಲಿ

ಮಾನ್ವಿ ಇರುವುದು ರಾಯಚೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯಿಂದಾಗಿ ಭತ್ತದ ಸೀಮೆಯಾಗಿದೆ. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು (1728–1809) ಬಾಳಿದ ಊರು. ದಾಸರು ನೆಲೆಸಿದ್ದಾರೆಂದು ಭಕ್ತರು ನಂಬುವ ಕಂಬಕ್ಕೆ ಬೆಳಿಗ್ಗೆಯೇ ಕೈಮುಗಿದು ಬಂದೆ. ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ಬೀದಿಯಲ್ಲಿ ಹಾಡಿ ಕುಣಿದವರಲ್ಲವೇ ದಾಸರು? ದೇವರ ಮುಂದೆ ಕುಣಿಯುವುದು ಈ ಊರಿಗೆ ಹೊಸತಲ್ಲ. ಇದೇ ಊರಿನಲ್ಲಿ ಜೆಸ್ವಿಟ್ ಪಾದ್ರಿಗಳು ನಡೆಸುವ ಲೊಯೋಲಾ ಶಾಲೆಯೂ ಇದೆ. ಸುತ್ತಲ ಹಳ್ಳಿಗಳ ಮಕ್ಕಳು ಅಲ್ಲಿ ಕಲಿಯುತ್ತಾರೆ.

ಹತ್ತು ಗಂಟೆಗೆ ಅಭ್ಯಾಸ ಶುರು. ದೇವದುರ್ಗದ ಆ ತಾಯಿ ಮಗಳ ಜೊತೆ ಬಂದು ಬೇವಿನ ಮರದ ಕೆಳಗೆ ಸೆರಗು ಹೊದ್ದು ಕುಳಿತಿದ್ದಳು. ಮೇಷ್ಟ್ರು ಕಥೆಯಲ್ಲಿ ಬದಲಾವಣೆ ಮಾಡಿದ್ದರು. ಮೊದಲು ಒಬ್ಬಳೇ ಹಲಗೆ ಹಿಡಿದು ಮೂಲೆಯಲ್ಲಿ ನಿಲ್ಲುತ್ತಿದ್ದಳು. ಈಗ ಹದಿನಾಲ್ಕು ಜನರೂ ಸರದಿಯಂತೆ ಹಲಗೆ ಹಿಡಿಯುತ್ತಾರೆ, ಹುಡುಗ ಹುಡುಗಿ, ಆ ಕೇರಿ ಈ ಕೇರಿ ಎನ್ನದೆ. ಮಗ ಮನೆಗೆ ಬಂದಾಗ ಅಪ್ಪನೇ ಹಲಗೆಯನ್ನು ಕೊರಳಿಗೆ ಹಾಕಿಕೊಂಡು ಬಾರಿಸುತ್ತಾನೆ. ಆಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ದೂರ ನಿಲ್ಲುವವರು ಯಾರೂ ಇಲ್ಲ.

ಅಪ್ಪನ ಪಾತ್ರದ ಹುಡುಗ ರಾಯಚೂರಿನವನು, ಹಲಗೆ ಮುಟ್ಟಿದ್ದೇ ಆ ವಾರ. ಡಬ್ ಡಬ್ ಎಂದು ಸತ್ತ ಸದ್ದು. ಮೂರು ಸಲ ಆದ ಮೇಲೆ ಆ ತಾಯಿ ತಡೆಯಲಾರದೆ ಎದ್ದಳು. "ತಣ್ಣಗಿನ ಹಲಗಿ ಬಡದರ ದನಿ ಹೆಂಗ ಬರ್ತದೋ ತಮ್ಮಾ? ಕಾಸಬೇಕು ಅದನ್ನ" ಅಂದಳು. ನಾಲ್ಕು ಕಡ್ಡಿ, ಒಣ ಹುಲ್ಲು ಕೂಡಿಹಾಕಿ ಬೆಂಕಿ ಮಾಡಿ, ಚರ್ಮದ ಕಡೆ ಬೆಂಕಿಗೆ ಹಿಡಿದು, ಬೆರಳಿನಿಂದ ತಟ್ಟಿ ತಟ್ಟಿ ನೋಡಿ ಕೈಗೆ ಕೊಟ್ಟಳು. ಆಗ ಬಂದಿತು ನೋಡಿ ದನಿ! ಓಣಿಯ ಮಂದಿ ಬಾಗಿಲಿಗೆ ಬಂದು ನಿಂತರು.

ಆಕೆ ಹಲಗೆ ಬಾರಿಸಲಿಲ್ಲ. ಹೊಗಳಲೂ ಇಲ್ಲ. ಊಟವಾದ ಮೇಲೆ ಮೇಷ್ಟ್ರನ್ನು ಕರೆದು, "ಎಲ್ಲಾರೂ ಹಿಡಿತೀರಿ ಅಂದ್ರ ನಮ್ಮಾಕಿನೂ ಹಿಡೀಲಿ. ಒಬ್ಬಾಕಿ ಕೈಗಿ ಕೊಟ್ರ ಮಾತ್ರ ಕರಕೊಂಡ ಬರ್ತೀನಿ" ಎಂದು ಹೇಳಿ ಕಾಗದಕ್ಕೆ ಸಹಿ ಹಾಕಿದಳು. ಅದು ಮೇಷ್ಟ್ರಿಗೆ ಕೊಟ್ಟ ಒಪ್ಪಿಗೆಯೂ ಹೌದು, ಎಚ್ಚರಿಕೆಯೂ ಹೌದು.

ಮಿಷನ್ ಅಂದರೆ?

"ಮಿಷನ್ ಅಂದರೆ ಮತ ಬೋಧಿಸೋಕೆ ಹೋಗೋದಲ್ವೇ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಾನೂ ಪಕ್ಕದ ಮನೆಯ ಹುಡುಗಿಯನ್ನು ಕೇಳಿದೆ. "ಅವರು ನಮಗಿಂತ ಹಳೇ ಕ್ರೈಸ್ತರು ಆಂಟಿ, ಅವರಿಗೆ ನಾವೇನು ಬೋಧಿಸೋದು? ನಮ್ಮೂರಲ್ಲಿ ಈ ಕಥೆ ಹೇಗೆ ಬದುಕಿದೆ ಅಂತ ತೋರಿಸಿ ಬರ್ತೀವಿ" ಅಂದಳು. ಹಿಂದೆ ದಾರಿ ಒಂದೇ ಕಡೆಗಿತ್ತು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅವರಲ್ಲಿ ಮೊಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ' ಎಂಬ ಮೊದಲ ಕನ್ನಡ ಪತ್ರಿಕೆ ತಂದರು. ಕಿಟೆಲ್ 1894ರಲ್ಲಿ ದೊಡ್ಡ ಕನ್ನಡ ನಿಘಂಟು ಕೊಟ್ಟರು. ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ. ಮಕ್ಕಳ ದಾರಿಯಲ್ಲಿ ಆ ಊರೂ ಇದೆ. ಕನ್ನಡದ ಮಕ್ಕಳು ಅಲ್ಲಿ ನಿಂತು ಕನ್ನಡದಲ್ಲಿ ಒಂದು ಹಾಡು ಹೇಳಿದರೆ ಋಣ ಸ್ವಲ್ಪವಾದರೂ ತೀರೀತು.

ನಿಮ್ಮ ಮಕ್ಕಳೂ ಹೊರಟರೆ

ಇಂಥ ಅವಕಾಶ ನಿಮ್ಮ ಮನೆಗೂ ಬರಬಹುದು. ಮೂರು ತಿಂಗಳು ಓಡಾಡಿ ನಾನು ಕಲಿತದ್ದನ್ನು ಹೇಳುತ್ತೇನೆ. ದೊಡ್ಡವರ ಪಾಸ್‌ಪೋರ್ಟು ಹತ್ತು ವರ್ಷ ನಡೆಯುತ್ತದೆ. ಮಕ್ಕಳದು ಐದು ವರ್ಷ, ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅದು. ಶಾಲೆಯ ದಾಖಲೆ, ಆಧಾರ್, ಜನನ ಪತ್ರ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಇನಿಶಿಯಲ್ ಹಿಂದೆ ಮುಂದೆ ಆದರೂ ತಿರುಗಾಟ ತಪ್ಪದು. ಜರ್ಮನಿಯಂಥ ದೇಶಕ್ಕೆ ಷೆಂಗೆನ್ ವೀಸಾ ಬೇಕು. ಮೊದಲ ಸಲ ಬೆರಳಚ್ಚು ಕೊಡಲು ಸ್ವತಃ ಹೋಗಬೇಕು. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ಆರೋಗ್ಯ ವಿಮೆ ಕಡ್ಡಾಯ.

ಇನ್ನು ತಿಂಡಿ. ಮಾಂಸ, ಹಾಲು, ಹಾಲಿನ ಪದಾರ್ಥಗಳನ್ನು ಅಲ್ಲಿಗೆ ಒಯ್ಯಲು ಬಿಡುವುದಿಲ್ಲ. ಪೇಡೆ, ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ನಾವು ಕಟ್ಟಿಕೊಟ್ಟದ್ದು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಶೇಂಗಾ ಹದವಾಗಿ ಹುರಿದು ಸಿಪ್ಪೆ ತೆಗೆದು, ಒಣಮೆಣಸಿನಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿ. ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುವಿ, ಇಲ್ಲದಿದ್ದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ರೊಟ್ಟಿಯನ್ನು ಗರಿಗರಿಯಾಗುವ ತನಕ ಸುಟ್ಟು, ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ.

ನೀವು ನಮ್ಮ ಕಡೆ ಬರುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಬನ್ನಿ. ರಾಯಚೂರಿಗೆ ರೈಲಿನ ಅನುಕೂಲ ಚೆನ್ನಾಗಿದೆ. ಮುಂಬಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ 1871ರಲ್ಲಿ ಕೂಡಿದ್ದೇ ಇಲ್ಲಿ. ಮೂರೂ ಊರಿಗೆ ಸಾರಿಗೆ ಬಸ್ಸುಗಳಿವೆ. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ, ಗುರುತಿನ ಚೀಟಿ ಇಟ್ಟುಕೊಂಡರಾಯಿತು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಬಳಿ ಬಿಸಿಬಿಸಿ ಒಗ್ಗರಣೆ ಮಿರ್ಚಿ ತಿನ್ನದೆ ಹೋಗಬೇಡಿ. ಯಾವುದಾದರೂ ಓಣಿಯಲ್ಲಿ ಹಲಗೆಯ ದನಿ ಕೇಳಿದರೆ ಒಂದು ಗಳಿಗೆ ನಿಂತು, ಬಾರಿಸುವವರು ಯಾರು, ಅವರಿಗೆ ಊಟ ಎಲ್ಲಿ ಬಡಿಸಿದ್ದಾರೆ ಎಂಬುದನ್ನೂ ನೋಡಿ.