ಒಂದೇ ಹಾಡು, ಎರಡು ಪ್ಲೇಟು

ಜಯನಗರದ ನಾಲ್ಕನೇ ಟಿ ಬ್ಲಾಕಿನ ನಮ್ಮ ಮನೆಗೆ ಭಾನುವಾರ ಸಂಜೆ ನಾಲ್ಕೂವರೆ ಆಯಿತೆಂದರೆ ಮೂವರು ಬರುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ರಾಯರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರು, ಎರಡು ರಸ್ತೆ ಆಚೆಯ ಡಾಕ್ಟರಮ್ಮ. ನಾಲ್ಕನೆಯವಳು ನಾನು. ಕಾಫಿ, ಕೋಡುಬಳೆ ನನ್ನ ಪಾಲು. ಹಾಡು ಅವರ ಪಾಲು. ರಾಯರು ಗ್ರಾಮಾಫೋನ್ ಪ್ಲೇಟು ತಂದರೆ ಮೇಷ್ಟ್ರು ಕ್ಯಾಸೆಟ್ ತರುವರು, ಡಾಕ್ಟರಮ್ಮ ಸಿ.ಡಿ. ತರುವರು.

ನಮ್ಮದು ಒಂದೇ ನಿಯಮ. ವಾರಕ್ಕೆ ಒಂದು ಕೃತಿ, ಅದರ ಎರಡು ಧ್ವನಿಮುದ್ರಣ. ಹಾಡಿದವರು ಯಾರೆಂದು ಮೊದಲೇ ಹೇಳಬಾರದು, ಎರಡೂ ಮುಗಿಯುವ ತನಕ ಯಾರೂ ಬಾಯಿ ಬಿಡಬಾರದು. ಎರಡನೆಯ ಭಾಗವನ್ನು ಪಾಲಿಸುವುದು ಮೇಷ್ಟ್ರಿಗೆ ಬಹಳ ಕಷ್ಟ.

ಆರನೇ ತರಗತಿಯ ನನ್ನ ಮೊಮ್ಮಗ ಒಂದು ದಿನ ಕೇಳಿದ: "ಅಜ್ಜಿ, ಒಂದು ಸಲ ಕೇಳಿದ ಹಾಡನ್ನೇ ಇನ್ನೊಂದು ಸಲ ಯಾಕೆ ಕೇಳ್ತೀರಾ? ಬೋರ್ ಆಗಲ್ವಾ?"

"ನಮ್ಮ ಮನೆ ಸಾರಿಗೂ ಡಾಕ್ಟರಮ್ಮನ ಮನೆ ಸಾರಿಗೂ ಹಾಕೋದು ಅದೇ ತೊಗರಿಬೇಳೆ, ಅದೇ ಹುಣಸೆಹಣ್ಣು ಕಣೋ. ಆದರೆ ಕಣ್ಣು ಮುಚ್ಚಿ ತಿಂದರೂ ಇದು ಯಾರ ಮನೇದು ಅಂತ ನೀನು ಹೇಳಲ್ವಾ?" ಎಂದೆ.

ಆ ವಾರ ಇದ್ದದ್ದು 'ವಾತಾಪಿ ಗಣಪತಿಂ'. ಮುತ್ತುಸ್ವಾಮಿ ದೀಕ್ಷಿತರ ಕೃತಿ, ಹಂಸಧ್ವನಿ ರಾಗ. ಆ ರಾಗವನ್ನು ಕಂಡುಹಿಡಿದವರು ಅವರ ತಂದೆ ರಾಮಸ್ವಾಮಿ ದೀಕ್ಷಿತರು. ಮೊದಲು ಜಿ.ಎನ್. ಬಾಲಸುಬ್ರಹ್ಮಣ್ಯಂ ಹಾಡಿದ್ದನ್ನು ಹಾಕಿದೆವು. ಮಿಂಚಿನ ಹಾಗೆ ಓಡುವ ಕಂಠ. ಆಮೇಲೆ ಎಂ.ಡಿ. ರಾಮನಾಥನ್. ಬಾವಿಯ ಆಳದಿಂದ ಬಂದಂಥ ದನಿ, ಒಂದೊಂದು ಅಕ್ಷರಕ್ಕೂ ನಿಂತು ನಿಂತು ಹೋಗುವ ನಡಿಗೆ. ಮೊಮ್ಮಗ ನಕ್ಕುಬಿಟ್ಟ. "ಮೊದಲನೇ ಗಣಪತಿ ಇಲಿ ಮೇಲೆ ಕೂತ್ಕೊಂಡು ಓಡ್ತಿದ್ದಾನೆ. ಎರಡನೆಯವನು ಊಟ ಮುಗಿಸಿ ಬರ್ತಿದ್ದಾನೆ" ಎಂದ. ಮೇಷ್ಟ್ರು ತಾವು ಹೇಳಬೇಕೆಂದಿದ್ದ ದೊಡ್ಡ ಮಾತನ್ನೆಲ್ಲ ನುಂಗಿಕೊಂಡರು. ಅಂದಿನಿಂದ ನಮ್ಮ ಸಭೆಗೆ ಐದನೆಯ ಸದಸ್ಯ ಸೇರಿದ.

ರಾಯರ ಹತ್ತಿರ ಇದ್ದವು ಹಳೆಯ 78 ಆರ್.ಪಿ.ಎಂ. ಪ್ಲೇಟುಗಳು. ನಿಮಿಷಕ್ಕೆ 78 ಸುತ್ತು ತಿರುಗುವುದರಿಂದ ಆ ಹೆಸರು. ಅರಗಿನಿಂದ ಮಾಡಿದವು; ಕೈತಪ್ಪಿ ಬಿದ್ದರೆ ಹಪ್ಪಳದಂತೆ ಚೂರು. ಒಂದು ಬದಿಗೆ ಹಿಡಿಯುವುದು ಹೆಚ್ಚುಕಡಿಮೆ ಮೂರೇ ನಿಮಿಷ. ಕಚೇರಿಯಲ್ಲಿ ಗಂಟೆಗಟ್ಟಲೆ ಹಾಡುವವರು ಮೂರು ನಿಮಿಷದಲ್ಲಿ ಎಲ್ಲವನ್ನೂ ಮುಗಿಸಬೇಕಿತ್ತು. ಇನ್ನೂ ಹಿಂದೆ, ಮೈಕು ಬರುವ ಮೊದಲು, ದೊಡ್ಡ ಕಹಳೆಯಂಥ ಕೊಳವೆಯ ಎದುರು ಗಟ್ಟಿಯಾಗಿ ಹಾಡಬೇಕಿತ್ತು. 1902ರಲ್ಲಿ ಕೊಲ್ಕತ್ತೆಯಲ್ಲಿ ಹಾಗೆ ಹಾಡಿ ಹೆಸರಾದವರು ಗೌಹರ್ ಜಾನ್. ಹಾಡು ಮುಗಿದೊಡನೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಅವರ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ; ತೀರಿಕೊಂಡದ್ದೂ ಅಲ್ಲೇ, 1930ರಲ್ಲಿ.

'ಜಗದೋದ್ಧಾರನ' ಪುರಂದರದಾಸರ ಪದ ಎಂದು ನಿಮಗೆಲ್ಲ ಗೊತ್ತು. ಅದನ್ನು ಮನೆಮನೆಗೆ ಮುಟ್ಟಿಸಿದ್ದರಲ್ಲಿ ಬಿ.ಎಸ್. ರಾಜಯ್ಯಂಗಾರ್ ಅವರ ಪ್ಲೇಟಿನ ಪಾಲು ದೊಡ್ಡದು. ಅದನ್ನೂ ಎಂ.ಎಸ್. ಸುಬ್ಬುಲಕ್ಷ್ಮಿ ಅವರು ಹಾಡಿದ್ದನ್ನೂ ಒಂದರ ಹಿಂದೊಂದು ಕೇಳಿದ ಸಂಜೆ ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ರಾಯರು ಅಯ್ಯಂಗಾರರ ಕಡೆ, ಡಾಕ್ಟರಮ್ಮ ಎಂ.ಎಸ್. ಕಡೆ. ಕಾಫಿ ಆರಿತು. ಕೊನೆಗೆ ಕೃಷ್ಣನನ್ನು ಆಡಿಸಿದ್ದು ಯಶೋದೆಯೇ ಆದ್ದರಿಂದ ಹೆಣ್ಣುದನಿಗೇ ಗೆಲುವು ಎಂದು ನಾನು ತೀರ್ಪು ಕೊಟ್ಟೆ. ರಾಯರು ಇಂದಿಗೂ ಅದನ್ನು ಒಪ್ಪಿಲ್ಲ.

ಇನ್ನೊಂದು ವಾರ ಡಾಕ್ಟರಮ್ಮ ಎರಡು ಹಿಂದೂಸ್ತಾನಿ ಹಾಡು ಹಾಕಿಸಿ ಮೊಮ್ಮಗನನ್ನು ಕೇಳಿದರು: "ಹಾಡಿದ್ದು ಯಾರು, ಹೇಳು ನೋಡೋಣ." ಅವನು ಯೋಚಿಸಿ, "ಮೊದಲನೆಯದು ಒಬ್ಬರು ಅಕ್ಕ, ಎರಡನೆಯದು ಒಬ್ಬರು ತಾತ" ಎಂದ. ಎರಡೂ ಗಂಗೂಬಾಯಿ ಹಾನಗಲ್! ಮೊದಲನೆಯದು ಅವರು ಎಳೆಯ ವಯಸ್ಸಿನಲ್ಲಿ 'ಗಾಂಧಾರಿ ಹುಬ್ಳಿ' ಎಂಬ ಹೆಸರಿನಲ್ಲಿ ಕೊಟ್ಟ ಪ್ಲೇಟು. ಆಮೇಲೆ ಗಂಟಲಿಗೆ ಚಿಕಿತ್ಸೆ ಆಗಿ ಅವರ ದನಿ ಪೂರ್ತಿ ಬದಲಾಯಿತು, ಗಂಡುದನಿಯಂತೆ ದಪ್ಪವಾಯಿತು. ಬೇರೆಯವರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಅವರು ಆ ದನಿಯಲ್ಲೇ ಹಾಡಿ 2002ರಲ್ಲಿ ಪದ್ಮವಿಭೂಷಣ ಪಡೆದರು. ಮೊಮ್ಮಗ ಎರಡನ್ನೂ ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದ. ಬೋರ್ ಎಂಬ ಮಾತು ಬರಲಿಲ್ಲ.

ಪ್ಲೇಟಿನ ಹುಚ್ಚು ನಮ್ಮ ನಾಡಿಗೆ ಹೊಸದಲ್ಲ ಮಕ್ಕಳೇ. ಗದುಗಿನಲ್ಲಿ ಒಬ್ಬ ಹುಡುಗ ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ ಮರುಳಾದ. ಹಾಗೆ ಹಾಡಲು ಕಲಿಯಬೇಕೆಂದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟೇ ಹೋದ. ಅವನೇ ಭೀಮಸೇನ ಜೋಶಿ. ಊರೂರು ಸುತ್ತಿ ಕೊನೆಗೆ ಗುರು ಸಿಕ್ಕಿದ್ದು ಕುಂದಗೋಳದಲ್ಲಿ: ಅಬ್ದುಲ್ ಕರೀಂ ಖಾನರ ಶಿಷ್ಯರೇ ಆದ ಸವಾಯಿ ಗಂಧರ್ವರು. (ನೀವು ಮನೆ ಬಿಡುವುದು ಬೇಡ. ಈಗ ಸಂಗೀತದ ಮೇಷ್ಟ್ರು ಪಕ್ಕದ ರಸ್ತೆಯಲ್ಲೇ ಸಿಗುತ್ತಾರೆ.)

ಮೈಸೂರಿನ ಜಯಚಾಮರಾಜೇಂದ್ರ ಒಡೆಯರಿಗೂ ಇದೇ ಹುಚ್ಚು. ನಮ್ಮ ಜಯನಗರದ ಹೆಸರು ಅವರಿಂದಲೇ ಬಂದದ್ದೆಂದು ಹಳಬರು ಹೇಳುವುದುಂಟು. ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದ ಆ ಮಹಾರಾಜರು ಪಾಶ್ಚಾತ್ಯ ಸಂಗೀತದ ಪ್ಲೇಟುಗಳನ್ನು ಸಾವಿರಗಟ್ಟಲೆ ಸಂಗ್ರಹಿಸಿದ್ದರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯಾದ ಸಂಗೀತಗಾರ ಮೆಟ್ನರ್ ಅವರ ರಚನೆಗಳು ಅವರಿಗೆ ಬಹಳ ಇಷ್ಟ. ಅವು ಪ್ಲೇಟಿನಲ್ಲಿ ಸಿಗುತ್ತಿಲ್ಲವೆಂದು ಬೇಸರಪಡುತ್ತ ಕೂರಲಿಲ್ಲ, ತಾವೇ ಹಣ ಕೊಟ್ಟು ಧ್ವನಿಮುದ್ರಣ ಮಾಡಿಸಿದರು. ಕೃತಜ್ಞತೆಯಿಂದ ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚೆರ್ಟೋವನ್ನು ಅವರಿಗೆ ಅರ್ಪಿಸಿದರು. ಇಷ್ಟಪಟ್ಟದ್ದು ಉಳಿಯಬೇಕಾದರೆ ಯಾರಾದರೂ ಕೈಹಾಕಬೇಕು.

ಕೈಹಾಕುವ ಕೆಲಸ ಕಳೆದ ವರ್ಷ ನಮಗೂ ಬಂತು.

ರಾಯರು ಮನೆ ಖಾಲಿ ಮಾಡಿ ಪುಣೆಯ ಮಗನ ಹತ್ತಿರ ಹೋಗುವುದೆಂದು ಗೊತ್ತಾಯಿತು. ಅಲ್ಲಿಯದು ಫ್ಲ್ಯಾಟು, ಎರಡು ಬೀರು ತುಂಬ ಇದ್ದ ಪ್ಲೇಟು-ಕ್ಯಾಸೆಟ್ಟುಗಳಿಗೆ ಜಾಗವಿಲ್ಲ. "ಎಲ್ಲಾ ಫೋನಲ್ಲೇ ಸಿಗುತ್ತೆ ಅಣ್ಣಾ" ಎಂದನಂತೆ ಮಗ. ಅವನು ಹೇಳಿದ್ದು ಬಹಳಮಟ್ಟಿಗೆ ನಿಜ. ಪ್ಲೇಟುಗಳನ್ನು ನಾವು ಮೂವರು ಹಂಚಿಕೊಂಡೆವು. ಆದರೆ ರಾಯರು ಒಂದು ಕ್ಯಾಸೆಟ್ಟನ್ನು ಮಾತ್ರ ಜೇಬಿನಲ್ಲೇ ಇಟ್ಟುಕೊಂಡು ಬಂದರು. ಅವರ ಹೆಂಡತಿ ಎಂಬತ್ತರ ದಶಕದಲ್ಲಿ ಟೂ-ಇನ್-ಒನ್ನಿನ ಮೈಕಿನಿಂದ ರೇಡಿಯೋದ ವೀಣಾವಾದನವನ್ನು ರೆಕಾರ್ಡ್ ಮಾಡಿದ್ದು. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಮೋಹನ ರಾಗ. ನಡುವೆ ಒಂದು ಕುಕ್ಕರ್ ಸಿಳ್ಳೆ. ಅದರ ಹಿಂದೆಯೇ ಆಕೆಯ ದನಿ: "ರೀ, ಒಲೆ ಆರಿಸಿ, ವೀಣೆ ಶುರುವಾಯ್ತು!" ಆಕೆ ತೀರಿಕೊಂಡು ಆಗ ಐದು ವರ್ಷ. ದನಿ ಉಳಿದಿದ್ದದ್ದು ಇದೊಂದರಲ್ಲೇ.

ಟೇಪು ಅಲ್ಲಲ್ಲಿ ಅಂಟಿಕೊಂಡಿತ್ತು. "ಒಂದೇ ಸಲ ಓಡಿಸೋಣ. ಓಡುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳೋಣ" ಎಂದರು ಮೇಷ್ಟ್ರು. ಮೊದಲು ಪೆನ್ಸಿಲ್ ಸಿಕ್ಕಿಸಿ ಕೈಯಲ್ಲೇ ಮೆಲ್ಲಗೆ ಪೂರ್ತಿ ಸುತ್ತಿದೆವು. ಮೊಮ್ಮಗ ವೈರ್ ಜೋಡಿಸಿದ. ಅರ್ಧ ಗಂಟೆ ಯಾರೂ ಉಸಿರೆತ್ತಲಿಲ್ಲ, ಮೇಷ್ಟ್ರು ಸಹ. ಟೇಪು ತುಂಡಾಗಲಿಲ್ಲ.

ಆದರೆ ಡಾಕ್ಟರಮ್ಮನ ಕಿವಿ ಚುರುಕು. "ಶ್ರುತಿ ಇಳಿದಿದೆ" ಎಂದರು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ನಮ್ಮ ಹಳೆಯ ಪ್ಲೇಯರಿನ ರಬ್ಬರ್ ಬೆಲ್ಟು ಸಡಿಲವಾಗಿತ್ತು. ನೂರಕ್ಕೆ ಆರರಷ್ಟು ನಿಧಾನವಾದರೆ ಶ್ರುತಿ ಸುಮಾರು ಒಂದು ಸ್ವರಸ್ಥಾನ ಇಳಿಯುತ್ತದೆಂದು ಮೇಷ್ಟ್ರು ಲೆಕ್ಕ ಹೇಳಿದರು. ಕಂಪ್ಯೂಟರಿನಲ್ಲಿ ವೇಗ ಏರಿಸಬಹುದು, ಸರಿ. ಆದರೆ ಎಷ್ಟು? ಅಂದಿನ ಕಚೇರಿಯ ಶ್ರುತಿ ಯಾವುದೆಂದು ಹೇಳುವವರು ಯಾರು?

ಮೊಮ್ಮಗ ರಾಯರ ಕಡೆ ತಿರುಗಿದ. "ತಾತ, ವೀಣೆ ಬಿಡಿ. ಅಜ್ಜಿ ಮಾತಾಡ್ತಾರಲ್ಲ, ಅಷ್ಟನ್ನೇ ಹಾಕ್ತೀನಿ. ಸರಿ ಅನ್ನಿಸಿದಾಗ ಹೇಳಿ."

ಒಂದು ಪರ್ಸೆಂಟ್ ಏರಿಸಿದ. "ರೀ, ಒಲೆ ಆರಿಸಿ..." ರಾಯರು ತಲೆಯಾಡಿಸಿದರು, ಅಲ್ಲ. ಎರಡು. ಅಲ್ಲ. ಮೂರು. ಸುಮ್ಮನೆ ಕೂತಿದ್ದರು. ನಾಲ್ಕು ಮಾಡಿದ. ರಾಯರು ಕೈ ಎತ್ತಿದರು. "ಸಾಕು ಮಗು. ಇದೇ ಅವಳು."

ಡಾಕ್ಟರಮ್ಮ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದರು. ಆಮೇಲೆ ವೀಣೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆವು. ಇದಕ್ಕೆ ಜೋಡಿಯಾಗಿ ಇನ್ನೊಂದು ಮುದ್ರಣ ಹಾಕೋಣವೆಂದು ಆ ದಿನ ಯಾರೂ ಹೇಳಲಿಲ್ಲ.

ರಾಯರು ಈಗ ಪುಣೆಯಲ್ಲಿದ್ದಾರೆ. ಭಾನುವಾರ ಫೋನಿನಲ್ಲಿ ಹಾಡು ಕಳಿಸುತ್ತಾರೆ, ಅಯ್ಯಂಗಾರರ ಪರ ವಾದವನ್ನೂ ಜೊತೆಗೇ.

ಅಜ್ಜ-ಅಜ್ಜಿಯರಿಗೆ ನನ್ನದೊಂದು ಮಾತು. ನಿಮ್ಮ ಅಟ್ಟದಲ್ಲೂ ಕ್ಯಾಸೆಟ್ಟುಗಳಿರುತ್ತವೆ. ಅಂಗಡಿಯದು ಹೋದರೆ ಹೋಗಲಿ. ಮನೆಯಲ್ಲಿ ತುಂಬಿಸಿದ್ದನ್ನು ಮೊದಲು ಹುಡುಕಿ. ತೇವ ತಗಲದ ಕಡೆ, ಸ್ಪೀಕರಿನಿಂದ ದೂರ, ನೆಟ್ಟಗೆ ನಿಲ್ಲಿಸಿಡಿ. ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ, ಆಗ ಅದರ ಮೇಲೆ ಬೇರೆಯದು ರೆಕಾರ್ಡ್ ಆಗುವುದಿಲ್ಲ. ಯಾರ ದನಿ, ಯಾವ ವರ್ಷ ಎಂದು ಚೀಟಿಯಲ್ಲಿ ಬರೆದಿಡಿ. ನಿಮಗೆ ನೆನಪಿರುವುದು ಮಕ್ಕಳಿಗೆ ಗೊತ್ತಿರುವುದಿಲ್ಲ.

ಮಕ್ಕಳೇ, ವೈರ್ ಜೋಡಿಸುವ ಕೆಲಸ ನಿಮ್ಮದು. ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ಸಾಕು. ದನಿ ಸರಿಯಾಗಿದೆಯೇ ಎಂದು ಹೇಳಬಲ್ಲವರು ಪಕ್ಕದಲ್ಲಿ ಕೂತಿರುವಾಗಲೇ ಅದನ್ನು ಮಾಡಿ ಮುಗಿಸಿ.