ಯಾವ ಕಟ್ಟು ಬಲಿಷ್ಠವಾದುದು?

ಹುಡುಗರು ತಮ್ಮತಮ್ಮಲ್ಲಿ ವಾದಿಸುವದು ಹೊಸ ಸಂಗತಿಯಲ್ಲ. ವಾದದ ವಿಷಯ ಮಾತ್ರ ತಲೆಮಾರಿಗೊಮ್ಮೆ ಬದಲಾಗುವದು. ನಮ್ಮ ಬಾಲ್ಯದಲ್ಲಿ ಅದು ಬಗರಿಯ ಮೊಳೆಯೂ ಚಿಣಿಪಣಿಯ ಅಳತೆಯೂ ಆಗಿದ್ದಿತು. ಈಗ ಕೆಲಗೇರಿಯ ನಮ್ಮ ಮನೆಯ ಕಟ್ಟೆಯ ಮೇಲೆ ರವಿವಾರ ಮುಂಜಾನೆ ಕೂಡುವ ನಾಲ್ಕು ಹುಡುಗರ ವಾದವು ಎಲೆಗಳನ್ನು ಕುರಿತದ್ದು. ಎಲೆ ಎಂದೊಡನೆ ವಾಚಕರು ಇಸ್ಪೀಟೆಂದು ತಿಳಿದು ಹುಬ್ಬು ಗಂಟಿಕ್ಕಬಾರದು. ಇದು ಪೊಕೆಮಾನ್ ಎಂಬ ಎಲೆಯಾಟ. 1996ರಲ್ಲಿ ಜಪಾನ ದೇಶದಲ್ಲಿ ಹುಟ್ಟಿದ್ದು. ಅದಕ್ಕೂ ಮೂರು ವರ್ಷ ಮೊದಲು, 1993ರಲ್ಲಿ, ಅಮೇರಿಕೆಯ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞನು 'ಮ್ಯಾಜಿಕ್' ಎಂಬ ಆಟವನ್ನು ರಚಿಸಿ ಇಂಥ ಆಟಗಳಿಗೆಲ್ಲ ದಾರಿ ಮಾಡಿಕೊಟ್ಟಿದ್ದನು.

ಇಸ್ಪೀಟಿಗೂ ಇದಕ್ಕೂ ಇರುವ ಮುಖ್ಯ ಭೇದವನ್ನು ಮೊದಲು ಹೇಳಿಬಿಡುವದು ಒಳ್ಳೆಯದು. ಇಸ್ಪೀಟಿನಲ್ಲಿ 52 ಎಲೆಗಳು ಎಲ್ಲರಿಗೂ ಸಮಾನವಾದವು; ಕಲೆಸಿ ಹಂಚಿದಂತೆ ಬಂದದ್ದನ್ನು ಆಡಬೇಕು. ಇಲ್ಲಿ ಹಾಗಲ್ಲ. ಪ್ರತಿಯೊಬ್ಬನೂ ತನ್ನ ಸಂಗ್ರಹದಿಂದ 60 ಎಲೆಗಳನ್ನು ಆರಿಸಿ ತನ್ನದೇ ಒಂದು ಕಟ್ಟನ್ನು ಸಿದ್ಧಮಾಡಿಕೊಂಡು ಬರುತ್ತಾನೆ. ಹುಡುಗರು ಅದಕ್ಕೆ ಡೆಕ್ ಎನ್ನುವರು. ಶಕ್ತಿಯ ಸಾಮಾನ್ಯ ಎಲೆಗಳನ್ನು ಬಿಟ್ಟರೆ ಒಂದೇ ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಆಟದ ಆರಂಭದಲ್ಲಿ ಏಳು ಎಲೆ ಕೈಗೆ. ಆರು ಎಲೆಗಳನ್ನು ಬಹುಮಾನವೆಂದು ಮುಖ ಕೆಳಗೆ ಮಾಡಿ ಬದಿಗಿಡತಕ್ಕದ್ದು. ಎದುರಾಳಿಯ ಪ್ರಾಣಿಯನ್ನು ಕೆಡವಿದಾಗೆಲ್ಲ ತನ್ನ ಬಹುಮಾನದ ಎಲೆಗಳನ್ನು ಎತ್ತಿಕೊಳ್ಳಬೇಕು. ಆರನ್ನೂ ಮೊದಲು ಎತ್ತಿಕೊಂಡವನು ಗೆದ್ದನು. ತನ್ನ ಸರದಿಯ ಆರಂಭದಲ್ಲಿ ಕಟ್ಟಿನಿಂದ ಎತ್ತಿಕೊಳ್ಳಲು ಎಲೆಯೇ ಉಳಿಯದಿದ್ದವನು ಸೋತನು. ಪ್ರಾಣಿಗಳಲ್ಲಿ ಬೆಂಕಿಯವು, ನೀರಿನವು, ಹುಲ್ಲಿನವು, ಮಿಂಚಿನವು ಎಂದು ಜಾತಿಗಳಿದ್ದು, ಸಾಮಾನ್ಯವಾಗಿ ಬೆಂಕಿಯ ಏಟು ಹುಲ್ಲಿಗೆ, ನೀರಿನ ಏಟು ಬೆಂಕಿಗೆ, ಮಿಂಚಿನ ಏಟು ನೀರಿಗೆ ಇಮ್ಮಡಿಯಾಗಿ ತಗಲುವದು. ಹೀಗೆ ಅರ್ಧ ಆಟವು ಮೊದಲನೆಯ ಎಲೆ ಬೀಳುವ ಮುಂಚೆಯೇ ಮುಗಿದಿರುತ್ತದೆ. ವಾದಕ್ಕೆಲ್ಲ ಆಸ್ಪದವಿರುವದು ಅಲ್ಲಿಯೇ.

ನಮ್ಮ ಮಗಳ ಮಗನದು ಬೆಂಕಿಯ ಕಟ್ಟು. ಅವನ ಗೆಳೆಯನೊಬ್ಬನದು ನೀರಿನದು. ತಂದೆಯು ಬೆಂಗಳೂರಿಗೆ ಹೋದಾಗಲೆಲ್ಲ ತರುವ ಬೆಲೆಯುಳ್ಳ ಎಲೆಗಳು ಅದರಲ್ಲಿ ಮಿನುಗುವವು. ಮೂರನೆಯವನದು ಮಿಂಚು. ನಾಲ್ಕನೆಯವನು ನಮ್ಮ ಓಣಿಯ ಬಾಡಿಗೆಯ ಖೋಲಿಯೊಂದರಲ್ಲಿರುವ ಹುಡುಗ. ಅವನಲ್ಲಿ ನಿಜವಾದ ಎಲೆಗಳು ಹೆಚ್ಚಿಲ್ಲ. ತನಗೆ ಬೇಕಾದ ಎಲೆಯ ಹೆಸರನ್ನೂ ಗುಣವನ್ನೂ ನೋಟುಬುಕ್ಕಿನ ಕಾಗದದ ಮೇಲೆ ದುಂಡಗೆ ಬರೆದು, ಆ ಚೀಟಿಯನ್ನು ಒಂದು ಹಳೆಯ ಎಲೆಯ ಮೇಲಿಟ್ಟು ಪ್ಲಾಸ್ಟಿಕ್ ಹೊದಿಕೆಯೊಳಗೆ ತೂರಿಸಿದ್ದಾನೆ. ಬೆನ್ನ ಕಡೆಯಿಂದ ನೋಡಿದರೆ ಎಲ್ಲವೂ ಒಂದೇ ಸಮ. ಅವನ ಕಟ್ಟಿನ ಉಪಾಯವೂ ಬೇರೆ: ತಾನಾಗಿ ಹೊಡೆಯದೆ, ಏಟು ತಿನ್ನುತ್ತ, ಗಾಯ ಮಾಯಿಸುತ್ತ, ಎದುರಾಳಿಯ ಎಲೆಗಳೆಲ್ಲ ತೀರುವ ವರೆಗೆ ಕಾದು ಕುಳಿತು ಗೆಲ್ಲುವದು. ಮುತ್ತಿಗೆ ಬಿದ್ದ ದುರ್ಗವು ಹೊರಗಿನ ದಂಡಿನ ದವಸ ತೀರುವದನ್ನು ಕಾಯುವ ರೀತಿ ಇದು.

"ನಂದು ನೀರಿಂದು ಎಲ್ಲಾದಕಿಂತ ಗಟ್ಟಿ" ಎಂದು ಒಬ್ಬನು ತೊಡಗುವನು.

"ಹೋಗೋ, ಮಿಂಚಿನ ಮುಂದ ನಿಂದೇನ ನಡಿಯೂದಿಲ್ಲ."

"ಅದು ನಾನು ಮೊದಲ ಆಡಿದ್ನೆಲಾ, ಅದಕ್ಕ ಸೋತೆ."

ನಾವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸಂಸ್ಕೃತವನ್ನು ಕಲಿಸಿದವರು. ಈ ಮಾತುಗಳನ್ನು ಕೇಳುತ್ತ ಕುಳಿತಾಗ ಗೌತಮನ ನ್ಯಾಯಸೂತ್ರಗಳ ಒಂದು ಪ್ರಕರಣವೇ ಕಟ್ಟೆಯ ಮೇಲೆ ನಡೆದಿರುವಂತೆ ನಮಗೆ ತೋರುತ್ತದೆ. ಗೌತಮನು ಚರ್ಚೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರು ಬಗೆಯಾಗಿ ಹೇಳಿದ್ದಾನೆ. ತತ್ತ್ವವನ್ನು ತಿಳಿಯಲಿಕ್ಕೆ ಮಾಡುವದು ವಾದ. ಹೇಗಾದರೂ ಗೆಲ್ಲಲಿಕ್ಕೆ ಮಾಡುವದು ಜಲ್ಪ. ತನ್ನದೆಂಬ ಪಕ್ಷವಿಲ್ಲದೆ ಪರರದನ್ನು ಕೆಡವುವದು ವಿತಂಡಾ. ಸೋಲಿನ ಸ್ಥಾನಗಳನ್ನು ಇಪ್ಪತ್ತೆರಡಾಗಿ ಎಣಿಸಿದ್ದಾನೆ. ಅವುಗಳಲ್ಲಿ ಪ್ರತಿಜ್ಞಾಂತರವೆಂಬುದೊಂದು: ಹೇಳಿದ ಮಾತಿಗೆ ಬಾಧೆ ಬಂದಾಗ ಅದಕ್ಕೊಂದು ವಿಶೇಷಣವನ್ನು ಅಂಟಿಸಿ ಮಾತನ್ನೇ ಬದಲಾಯಿಸುವದು. "ಎಲ್ಲಾದಕಿಂತ ಗಟ್ಟಿ" ಎಂಬುದು ಹೋಗಿ "ನಾನು ಎರಡನೇದವ ಆಗಿ ಆಡಿದರ ಗಟ್ಟಿ" ಎಂದಾಯಿತಲ್ಲ, ಅದೇ ಅದು. ಶಾಸ್ತ್ರದ ಮೇರೆಗೆ ಹುಡುಗನು ಸೋತನು. ಆದರೆ ನಮ್ಮ ಎಣಿಕೆಯಲ್ಲಿ ಅವನು ಸತ್ಯಕ್ಕೆ ಒಂದು ಹೆಜ್ಜೆ ಹತ್ತಿರ ಬಂದನು. ಯಾಕಂದರೆ ಈ ಆಟದಲ್ಲಿ ಎಲ್ಲದಕ್ಕಿಂತ ಬಲಿಷ್ಠವಾದ ಕಟ್ಟು ಎಂಬ ಮಾತಿಗೆ ಅರ್ಥವೇ ಇಲ್ಲ. ನೀರು ಬೆಂಕಿಯನ್ನು ಗೆಲ್ಲುವದು, ಮಿಂಚು ನೀರನ್ನು ಗೆಲ್ಲುವದು. ನಮ್ಮ ಮೊಮ್ಮಗನ ಬೆಂಕಿಯ ಕಟ್ಟು ತನ್ನ ವೇಗದಿಂದ ಮಿಂಚನ್ನು ಗೆಲ್ಲುವದು. ಚಕ್ರಕ್ಕೆ ತುದಿ ಯಾವದು? ಎಂಟು ಜನರು ಆಡುವಲ್ಲಿ ಐವರು ನೀರನ್ನು ತಂದರೆ ಆ ದಿನ ಮಿಂಚೇ ಅರಸು; ಅದನ್ನರಿತು ಮರುವಾರ ಎಲ್ಲರೂ ಮಿಂಚನ್ನೇ ತಂದರೆ ಬೆಂಕಿಗೆ ಪಟ್ಟ. ಕೌಟಿಲ್ಯನು ರಾಜ್ಯದ ಬಲವನ್ನು ನೆರೆಯ ರಾಜ್ಯಗಳನ್ನು ನೋಡಿ ತೂಗಬೇಕೆಂದು ಮಂಡಲವನ್ನು ಕಟ್ಟಿದ್ದು ಸುಮ್ಮನೆ ಅಲ್ಲ.

ಇಷ್ಟಾಗಿದ್ದರೆ ನಾವು ಕೇಳಿ ನಕ್ಕು ಸುಮ್ಮನಿರುತ್ತಿದ್ದೆವು. ಆದರೆ ನೀರಿನ ಹುಡುಗನು ಚೀಟಿಯ ಹುಡುಗನೊಡನೆ ಹತ್ತು ಆಟಗಳನ್ನು ಆಡಿ ಏಳನ್ನು ಗೆದ್ದನು. ಗೆದ್ದವನು ಅಷ್ಟಕ್ಕೇ ನಿಲ್ಲದೆ, "ನಿಂದು ಕಾಗದದ ಡೆಕ್. ಅದನ್ನ ಲೆಕ್ಕಕ್ಕ ಹಿಡಿಯೂದಿಲ್ಲ. ಖರೇ ಎಲಿ ತಂದ ಮ್ಯಾಲ ಬಾ" ಎಂದುಬಿಟ್ಟನು. ಆ ಹುಡುಗನು ಎರಡು ರವಿವಾರ ನಮ್ಮ ಕಟ್ಟೆಯ ಕಡೆಗೆ ಸುಳಿಯಲಿಲ್ಲ. ಕೆರೆಯ ದಂಡೆಯ ಮೇಲೆ ನಾವು ಸಂಜೆ ತಿರುಗಾಡಲು ಹೋದಾಗ ಒಬ್ಬನೇ ಕುಳಿತಿದ್ದನು. ನಮ್ಮನ್ನು ಕಂಡು "ನಮಸ್ಕಾರರೀ ಮಾಸ್ತರ್ರ" ಎಂದನೇ ಹೊರತು ಮತ್ತೇನೂ ಮಾತಾಡಲಿಲ್ಲ. ಮುಂದಿನ ರವಿವಾರ ನಾವು ಅವನನ್ನು ಕರೆಯಿಸಿಕೊಂಡೆವು.

ಕರೆಯಿಸಿ, ಹುಡುಗರಿಗೆ ಗಂಜೀಫದ ಸಂಗತಿಯನ್ನು ಹೇಳಿದೆವು. ಬೆಳಗಾವಿಯಿಂದ ಅಂಬೋಲಿ ಘಟ್ಟವನ್ನಿಳಿದರೆ ಸಿಗುವ ಸಾವಂತವಾಡಿಯಲ್ಲಿ ಈ ದುಂಡನೆಯ ಎಲೆಗಳನ್ನು ಈಗಲೂ ಕೈಯಿಂದ ಬರೆಯುವರು. ದಶಾವತಾರ ಗಂಜೀಫದಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆಗಳು. ರಾಜ, ಪ್ರಧಾನ, ಆಮೇಲೆ ಒಂದರಿಂದ ಹತ್ತರ ವರೆಗಿನ ಎಲೆಗಳು. ಐದು ಅವತಾರಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು; ಉಳಿದ ಐದರಲ್ಲಿ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಚಿಕ್ಕದು! ಹಗಲು ಆಡಿದರೆ ರಾಮನ ರಾಜನಿರುವವನು ಆಟವನ್ನು ತೊಡಗಬೇಕು, ರಾತ್ರಿ ಆಡಿದರೆ ಕೃಷ್ಣನ ರಾಜನಿರುವವನು. ಎಲೆಯ ಬೆಲೆಯು ಎಲೆಯಲ್ಲಿಲ್ಲ, ನಿಯಮದಲ್ಲಿದೆ ಎಂಬುದನ್ನು ಹಿಂದಿನವರು ಇಷ್ಟು ಚೆನ್ನಾಗಿ ತಿಳಿದಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ ಈ ಆಟಗಳ ಮೇಲೆ ಎಂಥ ಪ್ರೀತಿಯೆಂದರೆ, ತಾವೇ ಹೊಸ ಹೊಸ ಆಟಗಳನ್ನು ಕಲ್ಪಿಸಿ, ಮುನ್ನೂರಕ್ಕೂ ಮಿಕ್ಕ ಎಲೆಗಳುಳ್ಳವುಗಳನ್ನೂ ಸೇರಿಸಿ, ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಬರೆಯಿಸಿದರು. ಅಷ್ಟು ಎಲೆಗಳನ್ನು ಕೈಯಲ್ಲಿ ಹಿಡಿಯುತ್ತಿದ್ದುದು ಹೇಗೋ!

ನಾವು ಹೇಳಬೇಕೆಂದಿದ್ದ ಮಾತು ಇದರ ಮುಂದಿನದು. ಗಂಜೀಫದಲ್ಲಿ ದರಬಾರಿ ಕಲಮು, ಬಜಾರಿ ಕಲಮು ಎಂದು ಎರಡು ಬಗೆ. ಅರಮನೆಯವರಿಗೆ ದಂತದ ಎಲೆ, ಆಮೆಯ ಚಿಪ್ಪಿನ ಎಲೆ. ಪೇಟೆಯ ಜನರಿಗೆ ಬಟ್ಟೆಯದು, ಕಾಗದದ್ದು. ಆಟ ಮಾತ್ರ ಒಂದೇ. ಬಟ್ಟೆಯ ರಾಜನು ದಂತದ ಪ್ರಧಾನನನ್ನು ಹೊಡೆಯಲಾರನೆಂದು ಯಾರೂ ಅನ್ನಲಿಲ್ಲ. ಇದನ್ನು ಕೇಳಿ ನಮ್ಮ ಮೊಮ್ಮಗನು, "ಅಜ್ಜಾ, ದೊಡ್ಡ ಸ್ಪರ್ಧಾದಾಗ ಚೀಟಿ ನಡಿಯೂದಿಲ್ಲ, ಖರೇ ಎಲಿನ ಬೇಕು" ಎಂದನು. ಅದು ಸರಿಯಾದ ಮಾತು, ಒಪ್ಪಿದೆವು. ಆದರೆ ಇದು ಸ್ಪರ್ಧೆಯ ಮಂಟಪವಲ್ಲ, ನಮ್ಮ ಮನೆಯ ಕಟ್ಟೆ. ಇಲ್ಲಿ ತಿಳಿಯಬೇಕಾದದ್ದು ಕಟ್ಟಿನ ಬಲ. ಬೆಲೆಯು ಬಲಕ್ಕೆ ಹೇತುವೆಂದರೆ ಅದು ಸವ್ಯಭಿಚಾರವಾದ ಹೇತು: ಅನೇಕ ಎಲೆಗಳಿಗೆ ಬೆಲೆ ಬಂದಿರುವದು ಹೊಳಪಿನಿಂದ, ದುರ್ಲಭತೆಯಿಂದ. ಅದೇ ಎಲೆ ಸಾದಾ ಅಚ್ಚಿನಲ್ಲಿ ಅಗ್ಗವಾಗಿ ಸಿಕ್ಕರೂ ಅದರ ಏಟು ಒಂದು ಗುಂಜಿಯಷ್ಟೂ ಕಡಿಮೆಯಾಗುವದಿಲ್ಲ. ಅಪರೂಪವೆಂದು ಒಂದೇ ಒಂದನ್ನು ಕಟ್ಟಿನಲ್ಲಿಟ್ಟುಕೊಂಡರೆ, ಹತ್ತು ಆಟಗಳಲ್ಲಿ ಒಂದರಲ್ಲಿ ಅದು ಬಹುಮಾನದ ಆರರೊಳಗೆ ಸಿಕ್ಕಿಬಿದ್ದಿರುವದು. ನಾಲ್ಕು ಇಟ್ಟುಕೊಂಡರೂ ಮೊದಲ ಏಳು ಎಲೆಗಳಲ್ಲಿ ಒಂದಾದರೂ ಬರುವ ಸಂಭವ ನೂರಕ್ಕೆ ನಾಲ್ವತ್ತು ಮಾತ್ರ.

ಇನ್ನು ಹತ್ತರಲ್ಲಿ ಏಳು ಗೆದ್ದೆನೆಂಬ ಹೆಮ್ಮೆ. ಗಣಿತ ಕಲಿಸುತ್ತಿದ್ದ ನಮ್ಮ ಮಿತ್ರರೊಬ್ಬರು ಕ್ಯಾಲೆಂಡರದ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಸರಿಸಮಾನರಾದ ಇಬ್ಬರು ಹತ್ತು ಆಟ ಆಡಿದರೂ ಅವರಲ್ಲಿ ಯಾರೋ ಒಬ್ಬನು ಏಳು ಅಥವಾ ಹೆಚ್ಚನ್ನು ಗೆಲ್ಲುವ ಸಂಭವ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ಇದೆ. ನೀರಿನ ಹುಡುಗನ ಮೋರೆ ಸಣ್ಣದಾಯಿತು. ಮೇಲಾಗಿ ಗೆದ್ದದ್ದು ಕಟ್ಟೋ, ಹುಡುಗನೋ? ಇದನ್ನು ಬೇರ್ಪಡಿಸಲು ಉಪಾಯ ಒಂದೇ: ಕಟ್ಟುಗಳನ್ನು ಅದಲುಬದಲು ಮಾಡಿಕೊಂಡು ಮತ್ತೆ ಹತ್ತು ಆಟ. ಮಿನುಗುವ ಎಲೆಗಳನ್ನು ಇನ್ನೊಬ್ಬನ ಕೈಗೆ ಕೊಡಲು ಆ ಹುಡುಗನಿಗೆ ಮನಸ್ಸಾಗಲು ಅರ್ಧ ತಾಸು ಹಿಡಿಯಿತು. ಕೈ ತೊಳೆದುಕೊಂಡು ಮುಟ್ಟಬೇಕೆಂದು ಕರಾರು ಮಾಡಿದನು. ಇವನು ಎರಡು ಸಲ ತೊಳೆದುಕೊಂಡು ಬಂದನು.

ಈ ನಡುವೆ ನಮ್ಮ ಮಗಳು ಬಂದು, "ಅಪ್ಪಾ, ಪರೀಕ್ಷೆ ಹತ್ತರ ಬಂತು, ಇದೂ ಒಂದು ಜೂಜು ಅಲ್ಲೇನು? ನೀವ ಇದಕ್ಕ ಕುಮ್ಮಕ್ಕು ಕೊಡ್ತೀರಿ" ಎಂದಳು. ತಾಯಿಯು ಕೇಳಬೇಕಾದ ಪ್ರಶ್ನೆಯೇ. ಜೂಜುಗಾರನ ಗೋಳನ್ನು ಋಗ್ವೇದದ ಅಕ್ಷಸೂಕ್ತದಲ್ಲಿ ಓದಿದವರು ಅದನ್ನು ಹಗುರಾಗಿ ನೋಡಲಾರರು. ಆದರೆ ಎಲೆ ಹಿಡಿದದ್ದೆಲ್ಲ ಜೂಜಲ್ಲ. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಮ್ ಕೋರ್ಟು 1967ರಲ್ಲಿಯೇ ಹೇಳಿತು. ಈ ಹುಡುಗರ ಆಟದಲ್ಲಿ ಪಣವೇ ಇಲ್ಲ. ಜೂಜಿನ ವಾಸನೆ ಬರುವದು ಬೇರೆ ಕಡೆಯಿಂದ: ಈ ಎಲೆಗಳು ಮುಚ್ಚಿದ ಪೊಟ್ಟಣಗಳಲ್ಲಿ ಮಾರಾಟವಾಗುತ್ತವೆ, ಒಳಗೇನಿದೆಯೆಂಬುದು ಹರಿದ ಮೇಲೆಯೇ ತಿಳಿಯುವದು. ಒಂದು ಹರಿದು, ಬೇಕಾದದ್ದು ಬಾರದೆ, ಇನ್ನೊಂದು ಹರಿಯುವ ಚಪಲವಿದೆಯಲ್ಲ, ಗೃಹಸ್ಥರು ಕಣ್ಣಿಡತಕ್ಕದ್ದು ಅದರ ಮೇಲೆ. ಪೊಟ್ಟಣಕ್ಕೆ ದುಡ್ಡಿಲ್ಲ, ಚೀಟಿಗೆ ಕಾಗದ ಬೇಕಾದಷ್ಟಿದೆ ಎಂದು ಮಗಳೂ ನಾವೂ ಒಂದು ಒಪ್ಪಂದಕ್ಕೆ ಬಂದೆವು. ರವಿವಾರ ಎರಡು ತಾಸು. ಪರೀಕ್ಷೆಯ ವಾರದಲ್ಲಿ ಅದೂ ಇಲ್ಲ.

ಅದಲುಬದಲಿನ ಹತ್ತು ಆಟಗಳು ಎರಡು ರವಿವಾರಗಳಲ್ಲಿ ಮುಗಿದವು. ಚೀಟಿಯ ಹುಡುಗನು ನೀರಿನ ಕಟ್ಟು ಹಿಡಿದು ಆರನ್ನು ಗೆದ್ದನು. ನೀರಿನ ಹುಡುಗನು ಕಾಗದದ ಕಟ್ಟಿನಿಂದ ನಾಲ್ಕನ್ನು. ಕೂಡಿಸಿ ನೋಡಿದರೆ ಇಪ್ಪತ್ತರಲ್ಲಿ ಹುಡುಗರ ಗೆಲವು ಹನ್ನೊಂದು ಮತ್ತು ಒಂಬತ್ತು, ಹೆಚ್ಚುಕಡಿಮೆ ಸಮಸಮ. ಕಟ್ಟುಗಳದು ಹದಿಮೂರು ಮತ್ತು ಏಳು. "ಹಂಗಾರ ನನ್ನ ಡೆಕ್ಕ ಗಟ್ಟಿ ಅಂತಾತಲ್ಲ?" ಎಂದು ನೀರಿನವನು ಹಿಗ್ಗಿದನು. ನಮ್ಮ ಮಿತ್ರರು ತಲೆಯಲ್ಲಾಡಿಸಿದರು: ಸಮಬಲದ ಕಟ್ಟುಗಳಿಂದಲೂ ಇಪ್ಪತ್ತರಲ್ಲಿ ಇಷ್ಟು ಅಂತರ ನಾಲ್ಕರಲ್ಲಿ ಒಂದು ಸಲ ಬೀಳಬಹುದಂತೆ. ಪ್ರತಿಜ್ಞೆಯು ಸಿದ್ಧವಾಗಲಿಲ್ಲ, ಬಿದ್ದೂ ಹೋಗಲಿಲ್ಲ. ಹುಡುಗರ ಉತ್ಸಾಹ ಮಾತ್ರ ಇಮ್ಮಡಿಸಿತು. ಕಾಗದದ ಕಟ್ಟು ಮಿಂಚಿನ ಎದುರು ನೀರಿಗಿಂತ ಹೆಚ್ಚು ಹೊತ್ತು ನಿಲ್ಲುವದೆಂದು ಮೂರನೆಯವನು ತಾನಾಗಿಯೇ ಒಪ್ಪಿಕೊಂಡನು; ಹೀಗೆ ಎದುರಾಳಿಯ ಪಕ್ಷದ ಗುಣವನ್ನು ಹೇಳುವದು ನಮ್ಮ ಕಟ್ಟೆಯ ಮೇಲೆ ಅದೇ ಮೊದಲು.

ಹೋದ ರವಿವಾರ ನೀರಿನ ಹುಡುಗನು ತನ್ನ ಕಟ್ಟಿನಿಂದ ನಾಲ್ಕು ಎಲೆಗಳನ್ನು ತೆಗೆದು ಬೇರೆ ನಾಲ್ಕನ್ನು ಹಾಕಿಕೊಂಡು ಬಂದನು. ಅವುಗಳಲ್ಲಿ ಎರಡು ಚೀಟಿಗಳು. ಅಕ್ಷರವು ಖೋಲಿಯ ಹುಡುಗನ ದುಂಡನೆಯ ಅಕ್ಷರ. "ಡೆಕ್ ಬದಲಾತು, ಹಳೀ ಇಪ್ಪತ್ತರ ಲೆಕ್ಕ ಇನ್ನ ನಡಿಯೂದಿಲ್ಲ ಅಜ್ಜಾ" ಎಂದು ನಮ್ಮ ಮೊಮ್ಮಗನು ಕ್ಯಾಲೆಂಡರದ ಹಿಂದೆ ಅಡ್ಡಗೆರೆ ಎಳೆದು, ಅದರ ಕೆಳಗೆ ಹೊಸದಾಗಿ ಎರಡು ಹೆಸರುಗಳನ್ನು ಬರೆದನು.