ಒಂದು ವರ್ಷವಿಡೀ ನೋಡಿದವರು

ಶೆಟ್ಲೆಂಡ್ ದ್ವೀಪಗಳಲ್ಲಿ ಉಣ್ಣೆ ತೆಗೆಯಲು ಕತ್ತರಿಯೇ ಬೇಕಿರಲಿಲ್ಲ. ಬೇಸಿಗೆ ಬಂತೆಂದರೆ ಅಲ್ಲಿನ ಕುರಿಗಳ ಹಳೆಯ ಉಣ್ಣೆ ತಾನಾಗಿ ಸಡಿಲವಾಗುತ್ತಿತ್ತು. ಕುರಿಯನ್ನು ನೆಲಕ್ಕೆ ಒರಗಿಸಿಕೊಂಡು, ಅದಕ್ಕೆ ನೋವಾಗದಂತೆ ಬೆರಳಲ್ಲೇ ಹಿಡಿಹಿಡಿಯಾಗಿ ಬಿಡಿಸುತ್ತಿದ್ದರು. ಅವಸರಪಟ್ಟರೆ ಆಗುವ ಕೆಲಸವಲ್ಲ ಅದು. ಜೆನ್ನಿ ಗಿಲ್ಬರ್ಟ್‌ಸನ್ ಅವರ ಸಾಕ್ಷ್ಯಚಿತ್ರಗಳಿಗೂ ಅದೇ ನಿಧಾನವಿದೆ.

ಜೆನ್ನಿ ಗ್ಲಾಸ್ಗೋದಲ್ಲಿ ಹುಟ್ಟಿದವರು, ಶಿಕ್ಷಕಿಯಾಗಲು ಓದಿದವರು. 16 ಎಂಎಂ ಕ್ಯಾಮೆರಾ ಹಿಡಿದು ಒಬ್ಬರೇ ಸ್ಕಾಟ್ಲೆಂಡಿನ ಈ ಉತ್ತರ ತುದಿಗೆ ಹೋಗಿ, ಸಣ್ಣ ಹಿಡುವಳಿದಾರರ ವರ್ಷವೊಂದರ ಬದುಕನ್ನು ಚಿತ್ರಿಸಿದರು. 1931ರ ಆ ಚಿತ್ರ 'ಎ ಕ್ರಾಫ್ಟರ್ಸ್ ಲೈಫ್ ಇನ್ ಶೆಟ್ಲೆಂಡ್'. ಸಾಕ್ಷ್ಯಚಿತ್ರ ಚಳವಳಿಯ ಹಿರಿಯ ಜಾನ್ ಗ್ರಿಯರ್‌ಸನ್ ಅದನ್ನು ಮೆಚ್ಚಿ ಅವರ ಬೆನ್ನು ತಟ್ಟಿದರು.

ಶೆಟ್ಲೆಂಡಿನಲ್ಲಿ ಮರಗಳು ತೀರಾ ಕಡಿಮೆ. ಜೌಗುನೆಲದ ಪೀಟ್ ಮಣ್ಣನ್ನು ಹೆಂಟೆಗಳಾಗಿ ಕಡಿದು, ಗಾಳಿಗೆ ಒಣಗಿಸಿ, ಬುಟ್ಟಿ ತುಂಬಿ ಬೆನ್ನ ಮೇಲೆ ಹೊತ್ತು ತಂದರೆ ಒಲೆ ಉರಿಯುತ್ತಿತ್ತು. ಆ ಭಾರ ಹೊತ್ತು ನಡೆಯುವಾಗಲೂ ಹೆಂಗಸರ ಕೈಯಲ್ಲಿ ಹೆಣಿಗೆಯ ಕಡ್ಡಿಗಳು ಆಡುತ್ತಲೇ ಇರುತ್ತಿದ್ದವು. ಅದನ್ನು ಶ್ರಮದ ಸೊಬಗು ಎಂದು ಹೊಗಳಲು ನನಗೆ ಮನಸ್ಸು ಬಾರದು. ಹೆಣೆದದ್ದು ಮಾರಾಟವಾದರೆ ಮನೆಗೆ ಸಾಮಾನು ಬರುತ್ತಿತ್ತು, ಅಷ್ಟೇ. ಆದರೆ ಆ ಬೆರಳುಗಳಿಗೆ ಎಷ್ಟೆಲ್ಲ ತಿಳಿದಿತ್ತು! ಚಿತ್ರ ಮೂಕಿ. ಅವರ ಮಾತು, ಬೈಗುಳ, ನಗು ಯಾವುದೂ ನಮಗೆ ದಕ್ಕಲಿಲ್ಲವೆಂಬ ಕೊರಗು ನನ್ನನ್ನು ಬಿಟ್ಟಿಲ್ಲ.

ಎಪ್ಪತ್ತರ ದಶಕದಲ್ಲಿ ಉತ್ತರ ಸಮುದ್ರದ ತೈಲ ಬಂತು, ಸಲ್ಲಮ್ ವೋದಲ್ಲಿ ದೊಡ್ಡ ಟರ್ಮಿನಲ್ ಎದ್ದಿತು, ಸಂಬಳದ ಕೆಲಸಗಳು ಸಿಕ್ಕವು. ಬದುಕು ಹಗುರಾಯಿತು, ಅದಕ್ಕೆ ಯಾರೂ ಮರುಗಬೇಕಿಲ್ಲ. ನಾನು ಮರುಗುವುದು ಜೆನ್ನಿಯಂಥ ನೋಟಕ್ಕೆ. ಅವರ 'ದಿ ರಗ್ಗಡ್ ಐಲ್ಯಾಂಡ್' ಚಿತ್ರದಲ್ಲಿ ಆಸ್ಟ್ರೇಲಿಯಾಕ್ಕೆ ವಲಸೆ ಹೋಗುವುದೋ, ದ್ವೀಪದಲ್ಲೇ ಉಳಿಯುವುದೋ ಎಂದು ತೊಳಲಾಡುವ ಜೋಡಿಯ ಕತೆಯಿದೆ. ಅದರಲ್ಲಿ ನಾಯಕನಾಗಿದ್ದ ಜಾನಿ ಗಿಲ್ಬರ್ಟ್‌ಸನ್ ಅವರನ್ನೇ ಜೆನ್ನಿ ಮದುವೆಯಾದರು, ಶೆಟ್ಲೆಂಡಿನಲ್ಲೇ ಮನೆ ಮಾಡಿದರು. ನೆರೆಯವಳ ಕಣ್ಣು ಅದು, ಅತಿಥಿಯದಲ್ಲ.

ಇಂದು ಇಂಥ ದ್ವೀಪಗಳ ಮೇಲೆ ಡ್ರೋನ್ ಹಾರುತ್ತದೆ. ಕಡಲು, ಬಂಡೆ, ಸೂರ್ಯಾಸ್ತ ಬೆರಗುಗೊಳಿಸುವಂತೆ ಕಾಣುತ್ತವೆ. ಮನುಷ್ಯರು ಮಾತ್ರ ಚುಕ್ಕೆಗಳು. ಜೆನ್ನಿಯಾದರೋ ಎಪ್ಪತ್ತು ದಾಟಿದ ಮೇಲೂ ಕ್ಯಾಮೆರಾ ಹೊತ್ತು ಕೆನಡಾದ ಆರ್ಕ್‌ಟಿಕ್‌ಗೆ ಹೋದರು. ಅಲ್ಲಿನ ಗ್ರೀಸ್ ಫಿಯರ್ಡ್‌ನಲ್ಲಿ ಇನ್ಯೂಟ್ ಜನರ ನಡುವೆ ಋತುಗಳುದ್ದಕ್ಕೂ ಬೀಡುಬಿಟ್ಟು ಅವರ ದಿನಚರಿಯನ್ನು ಚಿತ್ರಿಸಿದರು. ಒಂದೇ ಊರಲ್ಲಿ ಅಷ್ಟು ಕಾಲ ಸುಮ್ಮನೆ ಇದ್ದು ನೋಡುತ್ತೇನೆಂದರೆ ಇವತ್ತು ಯಾವ ವಾಹಿನಿ ದುಡ್ಡು ಕೊಟ್ಟೀತು?